ಮೂರು ಸಲ ಬಡಿದು ನೋಡುವುದು

ಅದರ ಹಿಂದಿನ ದಿನ ನಮ್ಮ ಮನೆಯಲ್ಲಿ ಹೀರೇಕಾಯಿ ಹುಳಿ ಮಾಡಿದ್ದರು. ನೆನಪಿಟ್ಟುಕೊಳ್ಳುವಂಥ ಅಡುಗೆಯೇನಲ್ಲ. ಆದರೂ ಆ ಸಂಜೆಯ ಹೀರೇಕಾಯಿ, ಅದರಲ್ಲಿ ತುಸು ಹೆಚ್ಚಾಗಿದ್ದ ಉಪ್ಪು, ಪಡುವಣ ಕಿಟಕಿಯಿಂದ ಬಂದು ಎದುರು ಗೋಡೆಯ ಮೇಲೆ ಬಿದ್ದಿದ್ದ ಬಿಸಿಲು, ಎಲ್ಲ ನನಗೆ ಚೆನ್ನಾಗಿ ನೆನಪಿದೆ. ಇಷ್ಟು ಚೆನ್ನಾಗಿ ನೆನಪಿರುವುದರ ಮೇಲೆ ನನಗೇ ಅನುಮಾನ. ಆಮೇಲೆ ನಡೆದದ್ದಕ್ಕೆ ತಕ್ಕ ಹಾಗೆ ನಾನೇ ಆ ದಿನವನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಹೊಳಪು ಬರಿಸಿ ಇಟ್ಟುಕೊಂಡಿರಬಹುದು. ಪಾತ್ರೆ ಅಂಗಡಿಯವರ ಮನೆ ಮಗಳಿಗೆ ಅದೇನು ಬಾರದ ವಿದ್ಯೆಯಲ್ಲ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಒಂದು ಮೊಳೆ ಇತ್ತು. ಕಿಟಕಿಯ ಬಿಸಿಲು ಮೆಲ್ಲಗೆ ಏರುತ್ತಾ ಹೋಗಿ ಆ ಮೊಳೆಯನ್ನು ಮುಟ್ಟಿದರೆ ಎಲೆಯ ಮುಂದೆ ಕೂತವರು ಬೇಗಬೇಗ ನುಂಗಬೇಕು. ಮೋಡ ಮುಸುಕಿದ ದಿನ ಹಿತ್ತಲಾಚೆಯ ಮನೆಯವರ ಕೋಳಿಗಳು ಗೂಡಿಗೆ ಹೋಗುವುದನ್ನು ನೋಡಿ ಅಮ್ಮ ಕೂಗುತ್ತಿದ್ದಳು. ಕೋಳಿ ತಿನ್ನದ ಮನೆಗೆ ಕೋಳಿಯೇ ಗಡಿಯಾರ. ಅಪ್ಪನ ಹತ್ತಿರ ನಿಜವಾದ ಗಡಿಯಾರವೂ ಒಂದಿತ್ತು, ಆದರೆ ಅವರು ಅದನ್ನು ನಂಬುತ್ತಿರಲಿಲ್ಲ.

ಆ ಸಂಜೆಯ ಊಟದಲ್ಲೂ ನನ್ನ ತಮ್ಮ ಧರಣಿ ಎಂದಿನಂತೆ ನಾಟಕ ಆಡಿದ. ಅವನಿಗೆ ಆಗ ಹನ್ನೆರಡು ವರ್ಷ, ನನಗೆ ಹದಿನೈದು. ದಿನವಿಡೀ ಊರಿನಲ್ಲಿ ಕಂಡವರನ್ನೆಲ್ಲ ಅವನು ಸಂಜೆ ಊಟಕ್ಕೆ ಕರೆತರುತ್ತಿದ್ದ. ಬಸ್ಸಿನ ಕಂಡಕ್ಟರ್ ಬರುತ್ತಿದ್ದ: "ನರಸೀಪುರ, ನರಸೀಪುರ, ಲೇ ಅಜ್ಜಿ, ಕೋಳೀನ ಮಡ್ಲಲ್ಲಿ ಮಡೀಕೊ, ಇಲ್ದಿದ್ರೆ ಅದ್ಕೂ ಟಿಕೀಟು!" ಅಂದು ಅವನು ಮೊದಲ ಸಲ ಅಪ್ಪನನ್ನೇ ಅಪ್ಪನ ಮುಂದೆ ಕರೆತಂದ. ನೀರಿನ ಚೊಂಬನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು, ಹುಬ್ಬು ಗಂಟಿಕ್ಕಿ, "ಹೂಂ... ಚೊಂಬೇ, ಎಲ್ಲಿಗೆ ಹೋಗಿದ್ದೆ?" ಅಂದ. ಅಪ್ಪನಿಗೆ ನಗು ಬಂದು ಅನ್ನ ನೆತ್ತಿಗೆ ಹತ್ತಿತು. ಅಮ್ಮ ಅವರ ತಲೆ ತಟ್ಟುತ್ತಾ ಗೋಡೆ ನೋಡುತ್ತಿದ್ದಳು. ಬಿಸಿಲು ಮೊಳೆ ಮುಟ್ಟಿತ್ತು.

ಇದೆಲ್ಲ ಮೊನ್ನೆ ಹಾಸನದ ಸಂತೆಯಲ್ಲಿ ಒಂದು ತೆಂಗಿನಕಾಯಿಯಿಂದ ನೆನಪಾಯಿತು. ನಾನು ಮದುವೆಯಾಗಿ ಹಾಸನಕ್ಕೆ ಬಂದು ಹದಿನೈದು ವರ್ಷವಾಗುತ್ತಾ ಬಂತು, ಆದರೂ ಕಾಯಿ ಬಡಿದು ನೋಡುವ ಚಾಳಿ ಬಿಟ್ಟಿಲ್ಲ. ಒಂದನ್ನು ಬಡಿದೆ, ಇಟ್ಟೆ. ಇನ್ನೊಂದನ್ನು ಬಡಿದೆ. ಮತ್ತೆ ಮೊದಲಿನದನ್ನೇ ಎತ್ತಿಕೊಂಡೆ. ಮಾರುವವಳು ಸೊಂಟದ ಮೇಲೆ ಕೈಯಿಟ್ಟಳು.

"ಅಮ್ಮಾವ್ರೇ, ಬಾಗ್ಲು ತಟ್ದಂಗೆ ತಟ್ತೀರಲ್ಲ, ಒಳಗಿರೋರು ಎದ್ದು ಬತ್ತಾರಾ?"

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಕೈಗೆ ಸಿಕ್ಕ ಕಾಯಿ ಕೊಂಡು ಮನೆಗೆ ಬಂದೆ. ಒಡೆದಾಗ ಅದು ಚೆನ್ನಾಗಿಯೇ ಇತ್ತು. ಆದರೆ ಒಳಗಿರುವವರು ಎದ್ದು ಬರುತ್ತಾರೆಯೇ ಎಂದು ಅವಳು ಕೇಳಿದ್ದು ಮನಸ್ಸಿನಿಂದ ಹೋಗಲಿಲ್ಲ. ಧರಣಿ ತೀರಿಕೊಂಡು ಆಗಿನ್ನೂ ನಾಲ್ಕು ತಿಂಗಳಾಗಿತ್ತು.

ಅಪ್ಪನ ಬಡಿತದ ವಿಷಯ ಹೇಳಬೇಕು. ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ ಅನಂತಯ್ಯನವರು ಎಂದರೆ ಎಲ್ಲರಿಗೂ ಗೊತ್ತು. ಹಿತ್ತಾಳೆ, ತಾಮ್ರ, ಕಂಚು. ಬಿಂದಿಗೆ ಎಷ್ಟೇ ಹೊಳೆಯಲಿ, ಅಪ್ಪ ಕಣ್ಣನ್ನು ನಂಬುತ್ತಿರಲಿಲ್ಲ. ಬಾಯಿಯ ಹತ್ತಿರ ಒಮ್ಮೆ, ಹೊಟ್ಟೆಯ ಮೇಲೆ ಒಮ್ಮೆ, ತಳದಲ್ಲಿ ಒಮ್ಮೆ ಬಡಿಯುತ್ತಿದ್ದರು. ಮೂರೂ ಕಡೆ ನಾದ ಒಂದಕ್ಕೊಂದು ಹೊಂದಿಕೊಂಡರೆ ಸರಿ. ಹೊಂದದಿದ್ದರೆ ಕಣ್ಣಿಗೆ ಕಾಣದ ಸೀಳು ಎಲ್ಲೋ ಇದೆ ಎಂದು ಲೆಕ್ಕ. ಅವರ ಲೆಕ್ಕ ತಪ್ಪಿದ್ದನ್ನು ನಾನು ಅಂಗಡಿಯಲ್ಲಿ ನೋಡಿಲ್ಲ.

ಕಷ್ಟ ಏನೆಂದರೆ, ಅಂಗಡಿ ಬಾಗಿಲು ಹಾಕಿದ ಮೇಲೂ ಅವರ ಗೆಣ್ಣು ಸುಮ್ಮನಿರುತ್ತಿರಲಿಲ್ಲ. ಮಕ್ಕಳನ್ನೂ ಮೂರು ಸಲ ಬಡಿಯುತ್ತಿದ್ದರು. ತಪ್ಪು ತಿಳಿಯಬೇಡಿ, ಅಪ್ಪ ನಮ್ಮ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಅವರು ಕೇಳುತ್ತಿದ್ದರು. ಹೊಸಿಲ ಮೇಲೆ ಒಮ್ಮೆ, "ಎಲ್ಲಿಗೆ ಹೋಗಿದ್ದೆ?" ಕಾಲು ತೊಳೆಯುವಾಗ ಎರಡನೇ ಸಲ, ಬೇರೆ ಯಾವುದೋ ಮಾತಿನ ನಡುವೆ. ಮಾರನೆಯ ದಿನ, ನಾವು ಮರೆತಿದ್ದಾಗ, ಮೂರನೇ ಸಲ. ಇದರ ಜೊತೆಗೆ ಬಾಯಿ ಮೂಸುವುದು. ನಮ್ಮ ಮನೆಗೆ ಈರುಳ್ಳಿ ಬೆಳ್ಳುಳ್ಳಿ ಬರುವುದಿಲ್ಲ. ಊರಲ್ಲಿ ನಮ್ಮವರ ಮನೆಗಳು ಕೆಲವೇ. ಸುತ್ತ ಎಲ್ಲರ ಒಗ್ಗರಣೆಯೂ ಘಮಘಮ. ಮಕ್ಕಳು ಯಾವ ಬಾಗಿಲಲ್ಲಿ ಜಾರಿ ಹೋಗುತ್ತಾರೋ ಎಂಬ ಭಯ ಅವರಿಗೆ. ಅದನ್ನು ಭಯ ಎಂದು ಈಗ ಹೇಳುತ್ತಿದ್ದೇನೆ. ಆಗ ನಮಗೆ ಕಂಡದ್ದು ಮೂಗು ಮಾತ್ರ.

ನಾನು ಈ ಪರೀಕ್ಷೆಯಲ್ಲಿ ಯಾವಾಗಲೂ ಪಾಸು. ಗುಟ್ಟು ಸುಲಭ. ಪಕ್ಕದ ಮನೆಯವರ ಜೊತೆ ಟೆಂಟಿನಲ್ಲಿ ಸಿನಿಮಾ ನೋಡಿ ಬಂದರೆ, ಬರುವ ದಾರಿಯಲ್ಲೇ ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದೆ: "ಹೂ ತರೋಕೆ ಹೋಗಿದ್ದೆ, ಹೂವಿನವಳು ಇರಲಿಲ್ಲ, ಕಾದೆ." ಮೂರು ಸಲ ಕೇಳಿದರೂ ಅದೇ, ಒಂದು ಅಕ್ಷರ ಆಚೀಚೆ ಇಲ್ಲ. ಅಪ್ಪ ತಲೆದೂಗಿ ಅಮ್ಮನಿಗೆ ಹೇಳುತ್ತಿದ್ದರು, "ನಮ್ಮ ಚಂದ್ರಾ ಗಟ್ಟಿ ಪಾತ್ರೆ ಕಣೆ." ಅಮ್ಮ ನನ್ನ ಮುಖ ನೋಡಿ ಒಲೆಯ ಕಡೆ ತಿರುಗುತ್ತಿದ್ದಳು. ಅವಳಿಗೆ ಗೊತ್ತಿತ್ತೋ ಏನೋ. ಅವಳೂ ಆ ಮನೆಯಲ್ಲಿ ಬಹಳ ವರ್ಷ ಬಾಳಿದವಳು.

ನಗಬೇಡಿ, ಈ ಬಾಯಿ ಮೂಸುವುದಕ್ಕೆ ಆಸೆಪಟ್ಟು ಬಂದ ಹುಡುಗನೂ ಒಬ್ಬನಿದ್ದ. ಕೊಣನೂರಿನ ಅತ್ತೆಯ ಮಗ ಸನ್ಮತಿ. ಅತ್ತೆ ಅಪ್ಪನ ತಂಗಿ. ಅಪ್ಪ ಕೇಳುವಷ್ಟನ್ನೆಲ್ಲ ಕೇಳದೇ ಇರುವುದಕ್ಕೆಂದೇ ಹುಟ್ಟಿದವಳು. ಅವಳ ಮನೆಯ ಬಾಗಿಲಿಗೆ ಅಗುಳಿ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಸನ್ಮತಿ ಕಾವೇರಿಯಲ್ಲಿ ಬಿದ್ದಿರಲಿ, ಅರಕಲಗೂಡಿನ ಬಸ್ಸು ಹತ್ತಿ ಹೋಗಿರಲಿ, ಸಂಜೆ ಬಂದರೆ ಎಲೆ, ಬಾರದಿದ್ದರೆ ಮುಚ್ಚಿಟ್ಟ ಎಲೆ. "ಮಕ್ಕಳು ಅಂದ್ರೆ ಹಸು ಇದ್ದಂಗೆ, ಹಗ್ಗ ಬಿಚ್ಚಿದ್ರೂ ಮನೆಗೆ ಬರ್ತವೆ" ಅನ್ನುತ್ತಿದ್ದಳು. ಆ ಸನ್ಮತಿ ರಜಕ್ಕೆ ನಮ್ಮ ಮನೆಗೆ ಬಂದಾಗ, ಅಪ್ಪ ನಮ್ಮನ್ನು ನಿಲ್ಲಿಸಿ ಮೂಸುವುದನ್ನು ನೋಡಿ ತಾನೂ ಸಾಲಿನಲ್ಲಿ ನಿಂತುಬಿಟ್ಟ.

"ಮಾವ, ನಂದೂ ನೋಡಿ, ಆ..."

"ನೀನೇನೋ ತಿಂದೆ?"

"ಏನೂ ಇಲ್ಲ ಮಾವ. ಸುಮ್ನೆ ನೋಡಿ."

ಅಪ್ಪ ಬಗ್ಗಿ ಮೂಸಿ, "ಹುಣಿಸೆಕಾಯಿ" ಅಂದರು. ಸನ್ಮತಿಗೆ ಆದ ಸಂತೋಷ ಹೇಳತೀರದು. "ಎಲ್ಲಿ ಕಿತ್ತೆ?" ಅಂದರು. ಅವನು ಅರ್ಧ ಗಂಟೆ ಹೇಳಿದ. ಹಿತ್ತಲಲ್ಲಿ ಧರಣಿಗೆ ಅವನು ಅಂದದ್ದು ನನ್ನ ಕಿವಿಗೆ ಬಿತ್ತು: "ನಮ್ಮಮ್ಮ ನಾನು ಎಲ್ಲಿಗೆ ಹೋಗಿದ್ದೆ ಅಂತ ಒಂದು ಸಲಾನೂ ಕೇಳಿಲ್ಲ ಕಣೋ. ನಾನು ಸತ್ತಿದ್ರೂ ಎಲೆ ಮುಚ್ಚಿಡ್ತಾಳೆ ಅಷ್ಟೆ." ಧರಣಿ ಅದಕ್ಕೆ, "ಹಾಗಾದ್ರೆ ಬದ್ಲಾಯಿಸ್ಕೊಳೋಣ ಬಾರೋ, ನಿಮ್ಮಮ್ಮ ನಂಗೆ, ನಮ್ಮಪ್ಪ ನಿಂಗೆ" ಅಂದ. ಇಬ್ಬರೂ ಕೈ ತಟ್ಟಿಕೊಂಡರು. ಹಾಗಾಗಿ, ಮಕ್ಕಳನ್ನು ಹೀಗೆ ಬೆಳೆಸಬೇಕು ಹಾಗೆ ಬೆಳೆಸಬೇಕು ಎಂದು ಯಾರಾದರೂ ಧೈರ್ಯವಾಗಿ ಹೇಳಿದರೆ ನನಗೆ ಅವರ ಮೇಲೆ ಗುಮಾನಿ ಬರುತ್ತದೆ.

ಹೀರೇಕಾಯಿ ಹುಳಿಯ ಮಾರನೆಯ ದಿನ ಧರಣಿ ಹೊತ್ತಿಗೆ ಬರಲಿಲ್ಲ. ಬಿಸಿಲು ಮೊಳೆ ದಾಟಿತು, ಗೋಡೆಯಿಂದ ಮಾಯವಾಯಿತು, ಕೋಳಿಗಳು ಗೂಡು ಸೇರಿದವು. ಅಮ್ಮ ಅವನ ಎಲೆಯನ್ನು ತೆಗೆದು ಮಡಿಸಿದಳು. ದೀಪ ಹಚ್ಚುವ ಹೊತ್ತಿಗೆ ಅವನು ಓಡಿ ಬಂದ. ಅಷ್ಟು ಹಿಗ್ಗಿದ ಮುಖ ನಾನು ಆಮೇಲೆ ನೋಡಿಲ್ಲ.

"ಅಪ್ಪ, ನಾನು ತಿನ್ನಲಿಲ್ಲ! ಮುಂದೇನೇ ಇಟ್ಟಿದ್ರು, ತಿನ್ನಲೇ ಇಲ್ಲ!"

ಅವನ ಜೊತೆ ಓದುತ್ತಿದ್ದ ರಂಗನ ಮನೆಯಲ್ಲಿ ಎಮ್ಮೆ ಕರು ಹಾಕಿತ್ತು. ಶಾಲೆ ಬಿಟ್ಟು ಅದನ್ನು ನೋಡಲು ಹೋಗಿ, ಕರು ಎದ್ದು ನಿಲ್ಲುವವರೆಗೂ ಕೂತುಬಿಟ್ಟಿದ್ದಾನೆ. ಅವರ ಮನೆಗೆ ನೆಂಟರು ಬಂದಿದ್ದರು. ರಂಗನ ತಾಯಿ ಪುಟ್ಟಮ್ಮ ಈರುಳ್ಳಿ ಬಜ್ಜಿ ಕರಿಯುತ್ತಿದ್ದಳು. ಹೊತ್ತು ಮುಳುಗಿತ್ತು, ಹಸಿವಾಗಿತ್ತು, ಬಜ್ಜಿ ಮುಂದಿತ್ತು, ಆದರೂ ತಿನ್ನಲಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಅದು ಒಂದು ಕೋಟೆ ಗೆದ್ದ ಹಾಗೆ. ಆ ಗೆಲುವನ್ನು ಅಪ್ಪನ ಮುಂದೆ ಸುರಿಯಲು ಓಡಿ ಬಂದಿದ್ದ. ಆದರೆ ಅವನ ಅಂಗಿ, ತಲೆಕೂದಲು, ಕೈ, ಎಲ್ಲ ಈರುಳ್ಳಿಯೇ.

ಅಪ್ಪ ಬಗ್ಗಿ ಮೂಸಿದರು. ಮುಖ ಬಿಗಿಯಿತು.

"ತಿನ್ನಲಿಲ್ಲವಾ?"

"ಇಲ್ಲಪ್ಪ. ಪುಟ್ಟಮ್ಮ ಎಲೆ ಮೇಲೆ ಹಾಕಿ ಕೊಟ್ರು, ಬೇಡ ಅಂದೆ."

ಕಾಲು ತೊಳೆಯುವಾಗ ಎರಡನೇ ಬಡಿತ. "ಬಿಸಿ ಬಿಸಿ ಕೊಟ್ಟಿರಬೇಕು ಪುಟ್ಟಮ್ಮ?" ಧರಣಿಗೆ ಉತ್ಸಾಹ ಇಳಿದಿರಲಿಲ್ಲ. "ರಂಗನ ಅಕ್ಕ ಬಲವಂತ ಮಾಡಿದ್ಲು ಅಪ್ಪ. ನಾನು ಕೈ ಹಿಂದಕ್ಕೆ ಕಟ್ಕೊಂಡುಬಿಟ್ಟೆ." ಮಾರನೆಯ ಬೆಳಿಗ್ಗೆ ಅಪ್ಪ ಅಂಗಡಿಗೆ ಹೊರಡುತ್ತಾ ಮೂರನೇ ಸಲ ಕೇಳಿದರು. "ಕೈಯಲ್ಲಿ ಇಟ್ಟೇಬಿಟ್ಳು. ಸುಡ್ತಿತ್ತು. ರಂಗನಿಗೆ ಕೊಟ್ಟೆ."

ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ನಿಂತರು. "ಮೊದಲು ಪುಟ್ಟಮ್ಮ ಕೊಟ್ಟಳು ಅಂದೆ. ಆಮೇಲೆ ಅವಳ ಮಗಳು ಅಂದೆ. ಕೈ ಕಟ್ಟಿಕೊಂಡೆ ಅಂದೆ. ಈಗ ಕೈಯಲ್ಲಿ ಇತ್ತು ಅಂತೀಯ. ಒಂದು ಪಾತ್ರೆಗೆ ಮೂರು ನಾದ."

ತಾಯಿ ಕೊಟ್ಟಿದ್ದೂ ನಿಜ, ಮಗಳು ಬಲವಂತ ಮಾಡಿದ್ದೂ ನಿಜ, ಕೊನೆಗೆ ಕೈಗೆ ಬಂದದ್ದೂ ನಿಜ. ನಡೆದದ್ದನ್ನು ನೆನಸಿಕೊಂಡು ಹೇಳುವವನು ಪ್ರತಿ ಸಲ ಬೇರೆ ಮೂಲೆಯಿಂದ ಹೇಳುತ್ತಾನೆ. ಕಟ್ಟಿದ ಮಾತಿಗೆ ಮೂಲೆಗಳಿರುವುದಿಲ್ಲ. ನನ್ನ ಹೂವಿನವಳ ಕಥೆಯ ಹಾಗೆ ಎಲ್ಲಿ ಬಡಿದರೂ ಅದೇ ಠಣ್. ಇದು ನನಗೆ ಇಷ್ಟು ವರ್ಷದ ಮೇಲೆ ಹೊಳೆದ ಮಾತು. ಪಾತ್ರೆಗಳ ನಡುವೆ ತಲೆ ನೆರೆಸಿಕೊಳ್ಳುತ್ತಿದ್ದ ಅಪ್ಪನಿಗೆ ಅದು ಹೊಳೆಯುವ ದಾರಿಯೇ ಇರಲಿಲ್ಲ.

"ನಾಳೆ ಬಸದಿಯಲ್ಲಿ, ದೇವರ ಮುಂದೆ ಹೇಳು" ಅಂದರು.

"ಮನೇಲೇ ಹೇಳಿದ್ನಲ್ಲಪ್ಪ" ಅಂದ ಧರಣಿ. ಎದುರು ಮಾತಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಅಪ್ಪ ಅನ್ಯಾಯಗಾರರಲ್ಲ. ಅಂಗಡಿಗೆ ಹೋಗುವ ದಾರಿಯಲ್ಲಿ ಪುಟ್ಟಮ್ಮನ ಮನೆಗೇ ಹೋಗಿ ವಿಚಾರಿಸಿದರು. ಮಧ್ಯಾಹ್ನ ಊಟಕ್ಕೆ ಬಂದವರು ಧರಣಿಯನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿದರು. ಬೈದಿದ್ದರೆ ಚೆನ್ನಾಗಿತ್ತು.

"ತಿಂದದ್ದಕ್ಕೆ ನನಗೆ ಬೇಜಾರಿಲ್ಲ ಮಗು. ಹಸಿವು, ಏನು ಮಾಡ್ತೀಯ. ತಿಂದಿಲ್ಲ ಅಂದೆಯಲ್ಲ, ಅದಕ್ಕೆ. ಪುಟ್ಟಮ್ಮನೇ ಹೇಳಿದಳು, ಹೊಟ್ಟೆ ತುಂಬ ತಿಂದೆಯಂತೆ."

ಧರಣಿ ಬಾಯಿ ತೆರೆದ. ಅಪ್ಪನ ಮುಖ ನೋಡಿದ. ಮುಚ್ಚಿದ.

ಆ ಸಂಜೆ ಊಟಕ್ಕೆ ಅವನು ಯಾರನ್ನೂ ಕರೆತರಲಿಲ್ಲ. ಮುನಿಸು, ಎರಡು ದಿನಕ್ಕೆ ಸರಿಹೋಗುತ್ತದೆ ಎಂದಳು ಅಮ್ಮ. ಸರಿಹೋಗಲಿಲ್ಲ. "ಹೂಂ", "ಇಲ್ಲ", "ಆಯ್ತು", ಈ ಮೂರು ಮಾತುಗಳಲ್ಲಿ ಅವನು ಸಂಸಾರ ನಡೆಸತೊಡಗಿದ. ಅಪ್ಪ ಮೂಸಲು ಬರುವ ಮೊದಲೇ, ಆಸ್ಪತ್ರೆಯಲ್ಲಿ ನಾಲಿಗೆ ತೋರಿಸುವವರ ಹಾಗೆ, ಹೊಸಿಲಲ್ಲಿ ನಿಂತು ಬಾಯಿ ತೆರೆಯುತ್ತಿದ್ದ. ಶಾಲೆಯಲ್ಲೂ ಹಾಗೇ ಆಯಿತು. ಅಪ್ಪ ಮನೆಗೆ ಬಂದು ವಿಚಾರಣೆ ಮಾಡಿ ಹೋದದ್ದು ರಂಗನಿಗೆ ಅವಮಾನ. "ನಿಮ್ಮಪ್ಪ ನಮ್ಮವ್ವುನ್ನ ಕಳ್ಳೀನ ಕೇಳ್ದಂಗೆ ಕೇಳ್ತರಲ್ಲೋ" ಅಂದು ದೂರವಾದ. ಉಳಿದವರು ರಂಗನ ಕಡೆ. ಕಬಡ್ಡಿಗೆ ಒಬ್ಬ ಕಡಿಮೆಯಾದರೂ ಧರಣಿಯನ್ನು ಕರೆಯುತ್ತಿರಲಿಲ್ಲ. ಅವನೂ ಬೇಲಿಯ ಹತ್ತಿರ ನಿಂತು ನೋಡಿ, ಒಬ್ಬನೇ ಮನೆಗೆ ಬರುತ್ತಿದ್ದ. ಬಂದದ್ದೂ ಗೊತ್ತಾಗುತ್ತಿರಲಿಲ್ಲ. ಅಪ್ಪ ಮಾತ್ರ ನೆಂಟರಿಗೆ ಹೇಳುತ್ತಿದ್ದರು, "ಹುಡುಗ ಈಗ ಗಂಭೀರ ಆಗಿದ್ದಾನೆ." ಹೇಳುವಾಗ ಅವರ ಕಣ್ಣು ಅವನ ಕಡೆ ಹೋಗಿ ಬರುತ್ತಿತ್ತು.

ಒಂದು ವರ್ಷ ಅವನನ್ನು ಕೊಣನೂರಿಗೆ ಕಳಿಸಿದರು. ಅತ್ತೆಯೇ ಬಂದು ಜಗಳ ಮಾಡಿ ಕರೆದುಕೊಂಡು ಹೋದಳು. ಅಂದು ಅವಳು ಅಂಗಡಿಯಲ್ಲಿ ನಿಂತು ಆಡಿದ ಮಾತು ಹೀಗಿತ್ತು: "ನೀರು ತುಂಬಿದ ಬಿಂದಿಗೇನ ಬಡಿದ್ರೆ ಡಬ್ ಅನ್ನುತ್ತೆ ಕಣಣ್ಣ. ಸೀಳಿದೆ ಅಂತ ಎಸೀತೀಯಾ?" ಅಪ್ಪ, "ನಾನು ಬಡಿಯೋದು ಖಾಲಿ ಬಿಂದಿಗೇನ" ಅಂದರು. "ಮಕ್ಕಳು ಎಲ್ಲಣ್ಣ ಖಾಲಿ ಇರ್ತವೆ?" ಅಂದಳು ಅತ್ತೆ.

ಮಾತು ಚೆನ್ನಾಗಿದೆ. ಆದರೆ ಅವಳ ಮನೆಯಲ್ಲೂ ಧರಣಿ ಬಾಯಿ ಬಿಡಲಿಲ್ಲ. ಕೇಳುವವರಿದ್ದ ಮನೆಯಲ್ಲಿ ಹೇಳಿ ಫಲವಿರಲಿಲ್ಲ, ಇಲ್ಲಿ ಕೇಳುವವರೇ ಇರಲಿಲ್ಲ. ಸನ್ಮತಿ ಒಮ್ಮೆ ಬಂದಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಚಂದ್ರಕ್ಕ, ಧರಣಿ ಹೊಳೆ ಹತ್ರ ಒಬ್ಬನೇ ಕೂತು ಕಂಡಕ್ಟರ್ ಥರ ಕೂಗ್ತಿರ್ತಾನೆ ಕಣೇ. ನಾನು ಹೋದ್ರೆ ನಿಲ್ಲಿಸ್ಬಿಡ್ತಾನೆ." ನಾನು ಆಗ ಮದುವೆಯ ಗಡಿಬಿಡಿಯಲ್ಲಿದ್ದೆ. ಸನ್ಮತಿ ಕಥೆ ಕಟ್ಟುತ್ತಾನೆ ಎಂದುಕೊಂಡೆ.

ಧರಣಿ ಓದಿದ, ಹೊಳೆನರಸೀಪುರದಲ್ಲಿ ಮಿಡ್ಲ್ ಸ್ಕೂಲಿನ ಮೇಷ್ಟ್ರಾದ. ಹೊಳೆಯ ಕಡೆಗೆ ಕಿಟಕಿ ಇದ್ದ ಒಂದು ಕೋಣೆಯಲ್ಲಿ ಇದ್ದ. ಮದುವೆಯ ಮಾತೆತ್ತಿದರೆ "ನೋಡೋಣ" ಅನ್ನುತ್ತಿದ್ದ. ಅದು ಅವನ ನಾಲ್ಕನೇ ಮಾತು.

ಮೂರು ವರ್ಷದ ಹಿಂದೆ ಹಾಸನದ ಬಸ್ ಸ್ಟಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಗುರುತಿಲ್ಲದವರು ಹಾಗೆ ನೋಡಿದರೆ ನಾನು ಮೊದಲು ಕೈಚೀಲ ಹತ್ತಿರ ಎಳೆದುಕೊಳ್ಳುತ್ತೇನೆ. ಎಳೆದುಕೊಂಡೆ.

"ಪಾತ್ರೆ ಅಂಗ್ಡಿ ಅನಂತಯ್ಯನೋರ ಮಗಳಲ್ವಾ ನೀನು? ನಾನು ರಂಗನ ತಾಯಿ ಕಣವ್ವ, ಪುಟ್ಟಮ್ಮ. ನಿನ್ ತಮ್ಮ ಎಂಗವ್ನೆ? ಬಲೇ ವ್ರತದ ಮಗ ಅದು. ಅವತ್ತು ಎಮ್ಮೆ ಈದಿತ್ತು, ಬಜ್ಜಿ ಕೊಟ್ರೆ ಒಂದು ಚೂರೂ ಬಾಯ್ಗಿಕ್ಕನಿಲ್ಲ."

"ಹೊಟ್ಟೆ ತುಂಬ ತಿಂದ ಅಂತ ನೀವೇ ನಮ್ಮಪ್ಪನಿಗೆ ಹೇಳಿದ್ರಂತೆ?"

"ಇನ್ನೇನು ಯೋಳ್ಲವ್ವ? ಅಂಥ ದೊಡ್ ಮನುಸ್ರು ಬಾಗ್ಲಿಗೆ ಬಂದು, ನಮ್ ಹುಡ್ಗ ಇಲ್ಲಿ ಏನಾರ ತಿಂದ್ನಾ ಅಂತ ಕೇಳುದ್ರು. ಮನೆಗೆ ಬಂದ ಮಗೀನ ಬರೀ ವಟ್ಟೇಲಿ ಕಳಿಸ್ದೆ ಅನ್ನಕಾಯ್ತದಾ? ನೆಂಟ್ರು ಬೇರೆ ಕೂತಿದ್ರು. ತಿಂದ ಸಾ, ವಟ್ಟೆ ತುಂಬ ತಿಂದ ಅಂದ್ಬುಟ್ಟೆ. ಮನೆ ಮರ್ವಾದೆ ನೋಡು."

ಆಗಲೂ ನಾನು ಪೂರ್ತಿ ನಂಬಲಿಲ್ಲ. ನನ್ನನ್ನು ಸಂತೋಷಪಡಿಸಲು ಈಗ ಹೀಗೆ ಹೇಳುತ್ತಿರಬಹುದು. ಅಂದು ಮರ್ಯಾದೆಗೆ ಹೇಳಿದವಳು ಇಂದೂ ಮರ್ಯಾದೆಗೆ ಹೇಳಬಹುದಲ್ಲ? ಏನು ಮಾಡಿದೆ ಗೊತ್ತೇ? ಅಪ್ಪನ ಮಗಳಲ್ಲವೇ, ಮೂರು ಸಲ ಬಡಿದೆ. ರಂಗನ ಸಂಸಾರ ವಿಚಾರಿಸುತ್ತಾ ನಡುವೆ ಒಮ್ಮೆ ಕೇಳಿದೆ. "ನನ್ ಮಗಳು ಕೈಗೇ ಮಡಗುದ್ಲು ಕಣವ್ವ, ಅವ್ಳ ಮೊಕ ನೋಡಿ ಕಣ್ಣಲ್ಲಿ ನೀರಾಕಂಡ" ಅಂದಳು. ಅವಳ ಬಸ್ಸು ಬಂದಾಗ, ಗಂಟು ಎತ್ತಿ ಕೊಡುತ್ತಾ ಇನ್ನೊಮ್ಮೆ. "ರಂಗನೇ ಎರಡು ಪಾಲು ತಿಂದು ರಾತ್ರಿಯೆಲ್ಲ ವಟ್ಟೆನೋವು ಅಂತ ವದ್ದಾಡ್ದ, ಆ ಎಂಜ್ಲು ಬುರುಕ" ಎಂದು ನಗುತ್ತಾ ಮೆಟ್ಟಿಲು ಹತ್ತಿದಳು. ಮೂರು ಸಲಕ್ಕೆ ಮೂರು ನಾದ. ಆಗ ನಂಬಿದೆ.

ಮುಂದಿನ ವಾರವೇ ತವರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಂಗಡಿಯಲ್ಲಿ ಅವರು ಒಂದು ಕೊಳಗ ಹಿಡಿದು ಕೂತಿದ್ದರು. ಕೇಳುತ್ತಾ ಅದನ್ನು ಒಮ್ಮೆ ಬಡಿದರು. ಎರಡನೇ ಸಲ ಬಡಿಯಲು ಎತ್ತಿದ ಕೈ ಹಾಗೇ ಇಳಿಯಿತು.

"ಅವನಿಗೆ ಹೇಳಿದೆಯಾ?"

"ಇಲ್ಲಪ್ಪ. ಮೊದಲು ನಿಮಗೆ."

"ನೀನು ಹೇಳಬೇಡ. ನಾನು ಹೇಳಬೇಕಾದ್ದು. ನಾನೇ ಹೇಳ್ತೀನಿ."

ಸರಿ ಎಂದೆ. ನ್ಯಾಯವಾಗಿಯೇ ಕಂಡಿತು. ಅಪ್ಪ ನರಸೀಪುರದ ಬಸ್ಸು ಹತ್ತಿದರು. ಒಂದು ಹೊಸ ಹಿತ್ತಾಳೆ ಚೊಂಬು ಕೊಂಡುಹೋಗಿದ್ದರಂತೆ. ಬಂದ ಮೇಲೆ ಕೇಳಿದೆ, ಏನಾಯಿತು? "ಹೋದೆ. ಹೊತ್ತು ಮುಳುಗೋ ಮುಂಚೆ ಇಬ್ಬರೂ ಊಟ ಮಾಡಿದ್ವಿ. ಚೆನ್ನಾಗಿದ್ದಾನೆ." ಯುಗಾದಿಯಲ್ಲಿ ಮತ್ತೆ ಕೇಳಿದೆ. "ಹೋಗಿದ್ದೆ. ಹೊತ್ತು ಮುಳುಗೋ ಮುಂಚೆ ಇಬ್ಬರೂ ಊಟ ಮಾಡಿದ್ವಿ. ಚೆನ್ನಾಗಿದ್ದಾನೆ." ಆಮೇಲೂ ಅವರು ಹಲವು ಸಲ ಹೋಗಿ ಬಂದರು. ಪ್ರತಿ ಸಲವೂ ಅದೇ ಮಾತು, ಅದೇ ನಾದ, ಒಂದು ಅಕ್ಷರ ಆಚೀಚೆ ಇಲ್ಲ. ನನಗೆ ನನ್ನ ಹೂವಿನವಳ ನೆನಪಾಯಿತು.

ಹೋದ ಮಳೆಗಾಲದಲ್ಲಿ ಧರಣಿಗೆ ಕಾಮಾಲೆಯಾಯಿತು. ನಮಗೆ ಸುದ್ದಿ ತಲಪುವ ಹೊತ್ತಿಗೆ ಕಣ್ಣು ಅರಿಸಿನವಾಗಿತ್ತು. ನಾನು ಹಾಸನದಿಂದ ಹೋದೆ, ಅಪ್ಪ ಅಮ್ಮ ಚನ್ನರಾಯಪಟ್ಟಣದಿಂದ ಬಂದರು. ಮಾತಾಡುವ ಸ್ಥಿತಿ ಇರಲಿಲ್ಲ. ಎಂದೂ ಮಾತಾಡದವನ ಬಗ್ಗೆ, ಈಗ ಮಾತಾಡಲಾರ ಎಂದು ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವನು ಹೋದ ಮೇಲೆ ಅವನ ಶಾಲೆಯ ಮಕ್ಕಳು ಆ ಕೋಣೆಗೆ ಬಂದರು. ಎರಡು ಜಡೆಯ ಒಂದು ಹುಡುಗಿ ಬಿಕ್ಕುತ್ತಾ, "ಮೇಷ್ಟ್ರು ಅದೆಷ್ಟು ನಗುಸ್ತಿದ್ರು" ಅಂದಳು. ಯಾರದೋ ವಿಷಯ ಹೇಳುತ್ತಿದ್ದಾಳೆ ಎಂದುಕೊಂಡೆ. ಸತ್ತವರ ಮನೆಯಲ್ಲಿ ಜನ ಒಳ್ಳೆಯದನ್ನೇ ಕಟ್ಟಿ ಹೇಳುತ್ತಾರೆ, ಮಕ್ಕಳಿಗೂ ಯಾರೋ ಕಲಿಸಿರುತ್ತಾರೆ. ಇನ್ನೊಬ್ಬ, "ಕಂಡಕ್ಟರ್ ಥರ ಕೂಗೋರು" ಅಂದ. ಮತ್ತೊಬ್ಬಳು, "ಅಜ್ಜಿ ಕೋಳಿ ಇಡ್ಕೊಂಡು ಬಸ್ ಅತ್ತೋದು" ಅಂದಳು. ಎರಡು ಜಡೆಯವಳು ಕಣ್ಣೊರೆಸಿಕೊಂಡು, "ಪಾತ್ರೆ ಬಡಿಯೋ ತಾತ" ಅಂದಳು.

ಗೋಡೆಗೆ ಒರಗಿದ್ದ ಅಪ್ಪ ತಲೆ ಎತ್ತಿದರು. "ಯಾವ ತಾತ?"

"ಗೊತ್ತಿಲ್ಲ ತಾತ. ಲೆಕ್ಕ ತಪ್ಪಾದ್ರೆ ಮೇಷ್ಟ್ರು ನಮ್ಮ ತಲೇನ ಮೆತ್ತಗೆ ಮೂರು ಸಲ ತಟ್ಟಿ, ಕಿವಿ ಇಟ್ಟು ಕೇಳಿ, ಸೀಳಿಲ್ಲ, ಗಟ್ಟಿಯಾಗಿದೆ, ಇನ್ನೊಂದ್ಸಲ ಮಾಡು ಅನ್ನೋರು."

ಅಪ್ಪ ಅವಳನ್ನು ಹತ್ತಿರ ಕರೆದು, "ಹೇಗೆ ಮಾಡ್ತಿದ್ದ? ಮಾಡಿ ತೋರಿಸವ್ವ" ಅಂದರು. ಅವಳು ನಾಚಿಕೊಂಡು, ಕಿಟಕಿಯಲ್ಲಿದ್ದ ಹಿತ್ತಾಳೆ ಚೊಂಬನ್ನು ಎತ್ತಿ ಸುಮ್ಮನೆ ತಟ್ಟಿದಳು. ಅದರಲ್ಲಿ ನೀರಿತ್ತು. ಡಬ್ ಎಂದಿತು.

ನನ್ನ ಮಗಳಿಗೆ ಈಗ ಹನ್ನೆರಡು. ಮೊನ್ನೆ ಶಾಲೆಯಿಂದ ತಡವಾಗಿ ಬಂದಳು. ಹೊಸಿಲಲ್ಲಿ ಕೇಳಿದೆ, ಕಾಲು ತೊಳೆಯುವಾಗ ಕೇಳಿದೆ, ಬೆಳಿಗ್ಗೆ ಜಡೆ ಹಾಕುವಾಗ ಕೇಳಿದೆ. ಮೂರು ಸಲವೂ ಅವಳು ಒಂದೇ ಉತ್ತರ ಕೊಟ್ಟಳು, ಚೆನ್ನಾಗಿ ಗಟ್ಟಿ ಮಾಡಿದ ಉತ್ತರ. ಜಡೆ ಹಿಡಿದ ನನ್ನ ಕೈ ನಿಂತಿತು. ಆಮೇಲೆ ರಿಬ್ಬನ್ ಕಟ್ಟಿ ಶಾಲೆಗೆ ಕಳಿಸಿದೆ.

ಹೋದ ವಾರ ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಅಪ್ಪ ಈಗ ಅಂಗಡಿಗೆ ಹೋಗುವುದು ಕಡಿಮೆ. ಸಂಜೆ ಊಟಕ್ಕೆ ಕೂತಾಗ ಕೇಳಿದೆ, "ಧರಣಿಗೆ ಹೇಳಿದ್ರಾ ಅಪ್ಪ?"

"ಹೇಳಿದೆ."

ಅಮ್ಮ ಮಜ್ಜಿಗೆ ಬಡಿಸಿ ಹೋದಳು. "ಅವನೇನಂದ?"

"ಹೇಳಿದೆ."

ಬಿಸಿಲು ಮೊಳೆಯ ಹತ್ತಿರ ಬಂದಿತ್ತು. ಮೂರನೇ ಸಲ ನಾನು ಕೇಳಲಿಲ್ಲ. ಅಪ್ಪನೇ ಎಲೆ ನೋಡುತ್ತಾ ಇನ್ನೊಮ್ಮೆ "ಹೇಳಿದೆ" ಅಂದರು.

ಅವರು ಹೇಳಿಲ್ಲ. ಅವನು ಬಜ್ಜಿ ತಿಂದಿರಲಿಲ್ಲ ಎಂಬುದು ನಮಗೆ ಗೊತ್ತಾಯಿತು. ನಮಗೆ ಗೊತ್ತಾಯಿತು ಎಂಬುದು ಅವನಿಗೆ ಗೊತ್ತಾಗಲಿಲ್ಲ.